ಲಾರೆನ್ಸ್ ಎಂಬ ಹೆಸರು

ನಾನು ಈ ಕಾಲೇಜಿಗೆ ಸೇರಿದ ಮೊದಲನೆಯ ವಾರ. ಅಧ್ಯಾಪಕರು ಹಾಜರಿ ಕರೆಯುತ್ತಿದ್ದರು. ನನ್ನ ಸರದಿ ಬಂದಾಗ ‘ಲಾರೆನ್ಸ್’ ಎಂದರು. ನಾನು ಎದ್ದು ನಿಂತೆ. ಅವರು ಮುಂದಿನ ಹೆಸರಿಗೆ ಹೋದರು. ಪಾಠ ಮುಗಿದ ಮೇಲೆ ಪಕ್ಕದಲ್ಲಿ ಕುಳಿತಿದ್ದ ಗೆಳೆಯನು ಕೇಳಿದನು: “ಅಲ್ಲಪ್ಪಾ, ನೀನು ನಮ್ಮ ಹಾಗೆಯೇ ಕನ್ನಡ ಮಾತಾಡುತ್ತೀ. ಊಟ ಉಡುಗೆ ಎಲ್ಲ ನಮ್ಮ ಹಾಗೆಯೇ. ಹೆಸರು ಮಾತ್ರ ಇಂಗ್ಲಿಷರದು ಹೇಗೆ ಬಂತು?”

ಅವನ ಪ್ರಶ್ನೆಯಲ್ಲಿ ಕುಚೋದ್ಯವಿರಲಿಲ್ಲ. ಘಟ್ಟದ ಮೇಲಿನ ಈ ಊರಿನಲ್ಲಿ ನನ್ನಂಥ ಹೆಸರಿನವರು ಹೆಚ್ಚಿಲ್ಲ. ಆದರೆ ನನಗೆ ಉತ್ತರ ಹೊಳೆಯಲಿಲ್ಲ. “ನನ್ನ ಅಜ್ಜನ ಹೆಸರು, ಅದನ್ನೇ ಇಟ್ಟಿದ್ದಾರೆ” ಎಂದು ಹೇಳಿ ತಪ್ಪಿಸಿಕೊಂಡೆ. ಅಜ್ಜನಿಗೆ ಎಲ್ಲಿಂದ ಬಂತು ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ನಾನು ಸೋಲುತ್ತಿದ್ದೆ. ಹದಿನೆಂಟು ವರ್ಷ ಹೊತ್ತುಕೊಂಡು ತಿರುಗಿದ ಹೆಸರಿನ ವಿಷಯ ನನಗೇ ತಿಳಿಯದಲ್ಲಾ ಎಂದು ನಾಚಿಕೆಯಾಯಿತು. ಅಂದಿನಿಂದ ಕಾಲೇಜಿನ ಪುಸ್ತಕಭಂಡಾರದಲ್ಲಿಯೂ ಇತರ ಕಡೆಗಳಲ್ಲಿಯೂ ಹುಡುಕಿ ತಿಳಿದುಕೊಂಡುದನ್ನು ಸಹಪಾಠಿಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ. ಇದು ನನ್ನೊಬ್ಬನ ಹೆಸರಿನ ಕಥೆಯಲ್ಲ. ನದಿ, ಅರಮನೆ, ಪಾಠಶಾಲೆ, ಮೂಲವಸ್ತು, ನಮ್ಮ ಕಾರ್ಕಳದ ಒಂದು ಜಾತ್ರೆ, ಇವೆಲ್ಲವೂ ಹಂಚಿಕೊಂಡಿರುವ ಹೆಸರಿನ ಕಥೆ.

ಮೊದಲು ಮೂಲವನ್ನು ನೋಡೋಣ. ‘ಲಾರೆನ್ಸ್’ ಇಂಗ್ಲಿಷ್ ಭಾಷೆಯಲ್ಲಿ ಹುಟ್ಟಿದ ಪದವಲ್ಲ. ಅದರ ಮೂಲರೂಪ ಲ್ಯಾಟಿನ್ ಭಾಷೆಯ ‘ಲೌರೆಂಟಿಯುಸ್’. ‘ಲೌರೆಂಟುಮ್ ಊರಿನವನು’ ಎಂದು ಅದರ ಅರ್ಥ. ಲೌರೆಂಟುಮ್ ಎಂಬುದು ರೋಮಿನ ನೈರುತ್ಯಕ್ಕೆ ಸಮುದ್ರ ತೀರದ ಬಳಿ ಇದ್ದ ಪ್ರಾಚೀನ ಊರು. ನಮ್ಮಲ್ಲಿ ಹಾನಗಲ್ಲ, ಬೆಳವಾಡಿ ಎಂದು ಊರಿನ ಹೆಸರು ಮನೆತನಕ್ಕೆ ಅಂಟಿಕೊಳ್ಳುವುದಿಲ್ಲವೆ, ಹಾಗೆ. ಆ ಊರಿನ ಹೆಸರನ್ನು ಪ್ರಾಚೀನರು ‘ಲೌರುಸ್’ ಎಂಬ ಮರಕ್ಕೆ ಸಂಬಂಧಿಸಿ ಹೇಳುತ್ತಿದ್ದರು. ಅಲ್ಲಿನ ಅರಸನು ಕೋಟೆ ಕಟ್ಟುವಾಗ ಕಂಡ ಲೌರುಸ್ ಮರದಿಂದ ತನ್ನ ಜನರಿಗೆ ಹೆಸರಿಟ್ಟನೆಂಬ ಕಥೆ ವರ್ಜಿಲ್ ಮಹಾಕವಿಯ ‘ಈನಿಯಡ್’ ಕಾವ್ಯದಲ್ಲಿ ಬರುತ್ತದೆ.

ಈ ಮರವನ್ನು ಇಂಗ್ಲಿಷಿನಲ್ಲಿ ಲಾರೆಲ್ ಎನ್ನುತ್ತಾರೆ. ಅದರ ಎಲೆ ಸುವಾಸನೆಯುಳ್ಳದ್ದು, ಬಾಡಿದರೂ ಬೇಗ ಹಾಳಾಗದು. ರೋಮನರು ಗೆದ್ದ ಸೇನಾಪತಿಗೆ ಈ ಎಲೆಗಳ ಮಾಲೆಯನ್ನು ತೊಡಿಸುತ್ತಿದ್ದರು. ನೊಬೆಲ್ ಬಹುಮಾನ ಪಡೆದವರನ್ನು ಇಂದಿಗೂ ‘ಲಾರಿಯೇಟ್’ ಎಂದು ಕರೆಯುವುದು ಆ ಮಾಲೆಯ ನೆನಪಿನಿಂದಲೇ. ಸಸ್ಯಶಾಸ್ತ್ರಜ್ಞರು ಈ ಮರದ ಹೆಸರಿನಿಂದ ಒಂದು ಕುಟುಂಬವನ್ನೇ ಗುರುತಿಸಿದ್ದಾರೆ. ನಮ್ಮ ಅಡಿಗೆಮನೆಯ ದಾಲ್ಚಿನ್ನಿಯೂ ಆ ಕುಟುಂಬಕ್ಕೆ ಸೇರಿದ್ದು. ಹೀಗೆ ಮಸಾಲೆ ಡಬ್ಬಿಯಲ್ಲಿಯೇ ನನ್ನ ಹೆಸರಿಗೆ ಒಬ್ಬ ದಾಯಾದಿ ಇದ್ದಾನೆ!

ಹೆಸರು ಊರಿನಿಂದ ಬಂದುದಾದರೂ ಲೋಕದಲ್ಲೆಲ್ಲ ಹರಡಿದುದು ಒಬ್ಬ ಮನುಷ್ಯನಿಂದ. ಆತನು ಕ್ರಿಸ್ತಶಕ ಮೂರನೆಯ ಶತಮಾನದಲ್ಲಿ ರೋಮಿನಲ್ಲಿದ್ದ ಲಾರೆನ್ಸ್. ಆಗ ಎರಡನೆಯ ಸಿಕ್ಸ್ಟಸ್ ಎಂಬುವರು ಪೋಪ್ ಆಗಿದ್ದರು. ಅವರ ಕೆಳಗೆ ಏಳು ಮಂದಿ ‘ಡೀಕನ್’ರು, ಎಂದರೆ ಸೇವಾಧಿಕಾರಿಗಳು ಇದ್ದರು. ಲಾರೆನ್ಸನು ಅವರಲ್ಲೊಬ್ಬ. ಸಭೆಯ ಹಣವನ್ನು ಕಾಪಾಡುವುದು, ಬಡವರಿಗೂ ವಿಧವೆಯರಿಗೂ ಅದನ್ನು ಹಂಚುವುದು, ಇದು ಆತನ ಕೆಲಸ.

೨೫೮ರಲ್ಲಿ ಚಕ್ರವರ್ತಿ ವಲೇರಿಯನ್ ಕ್ರೈಸ್ತರ ಬಿಷಪ್, ಪಾದ್ರಿ, ಡೀಕನ್‌ರಿಗೆ ಮರಣದಂಡನೆ ವಿಧಿಸಿ ಆಜ್ಞೆ ಹೊರಡಿಸಿದನು. ಆಗಸ್ಟ್ ೬ರಂದು ಪೋಪರನ್ನು ಕೊಂದರು. ಲಾರೆನ್ಸನನ್ನು ಮಾತ್ರ ಕೂಡಲೇ ಕೊಲ್ಲಲಿಲ್ಲ. ಸಭೆಯ ಭಂಡಾರವನ್ನು ಒಪ್ಪಿಸೆಂದು ಅಧಿಕಾರಿ ಆತನನ್ನು ಒತ್ತಾಯಪಡಿಸಿದನಂತೆ. ಆತನು ಅವಕಾಶ ಬೇಡಿ, ಕೈಯಲ್ಲಿದ್ದುದನ್ನೆಲ್ಲ ಬಡವರಿಗೆ ಹಂಚಿಬಿಟ್ಟನು. ಗೊತ್ತಾದ ದಿನ ಅಧಿಕಾರಿಯ ಮುಂದೆ ಕುಂಟರನ್ನೂ ಕುರುಡರನ್ನೂ ನಿರ್ಗತಿಕರನ್ನೂ ಕರೆತಂದು ನಿಲ್ಲಿಸಿ, ಸಭೆಯ ಭಂಡಾರವೆಂದರೆ ಇವರೇ ಎಂದನು. ಅಧಿಕಾರಿ ಕೋಪಗೊಂಡು ಆಗಸ್ಟ್ ೧೦ರಂದು ಆತನನ್ನು ಕಬ್ಬಿಣದ ಸರಳುಗಳ ಮೇಲೆ ಮಲಗಿಸಿ ಕೆಳಗೆ ಬೆಂಕಿ ಹಾಕಿಸಿದನು. ಅಲ್ಲಿಯೂ ಆತನು ಎದೆಗುಂದದೆ, ಈ ಮಗ್ಗುಲು ಬೆಂದಿತು, ಇನ್ನೊಂದು ಕಡೆಗೆ ಹೊರಳಿಸಿ ಎಂದು ಹಾಸ್ಯ ಮಾಡಿದನೆಂದು ಪ್ರತೀತಿ. ಅದಕ್ಕಾಗಿಯೇ ಅಡಿಗೆಯವರು ಆತನನ್ನು ತಮ್ಮ ಪಾಲಕ ಸಂತನೆಂದು ಭಾವಿಸುತ್ತಾರೆ. ಸಭೆಯ ದಾಖಲೆಗಳನ್ನು ಕಾಪಾಡಿದವನೆಂದು ಗ್ರಂಥಪಾಲಕರಿಗೂ ಆತನೇ ಪಾಲಕ.

ಇದರಲ್ಲಿ ಚರಿತ್ರೆ ಎಷ್ಟು, ಕಥೆ ಎಷ್ಟು ಎಂದು ಇತಿಹಾಸದ ವಿದ್ಯಾರ್ಥಿಗಳು ಕೇಳಿಯೇ ಕೇಳುತ್ತಾರೆ. ಲಾರೆನ್ಸನು ೨೫೮ರಲ್ಲಿ ರೋಮಿನಲ್ಲಿ ಮಡಿದನೆಂಬುದೂ ಬಹು ಹಿಂದಿನಿಂದಲೂ ಆತನ ಸಮಾಧಿಯನ್ನು ಜನರು ಗೌರವಿಸಿದರೆಂಬುದೂ ಚರಿತ್ರೆ. ಭಂಡಾರದ ಪ್ರಸಂಗವನ್ನು ನೂರಕ್ಕೂ ಹೆಚ್ಚು ವರ್ಷಗಳ ಬಳಿಕ ಮಿಲಾನಿನ ಬಿಷಪ್ ಆಂಬ್ರೋಸರು ಬರೆದಿಟ್ಟಿದ್ದಾರೆ. ಬೆಂಕಿಯ ವಿಷಯದಲ್ಲಿ ವಿದ್ವಾಂಸರಿಗೆ ಸಂಶಯವಿದೆ. ಆಗಿನ ಪದ್ಧತಿಯಂತೆ ಆತನನ್ನೂ ಖಡ್ಗದಿಂದಲೇ ಕೊಂದಿರಬೇಕೆಂದು ಹಲವರ ಮತ. ಲ್ಯಾಟಿನ್ನಿನಲ್ಲಿ ‘ಪಾಸ್ಸುಸ್ ಎಸ್ಟ್’ ಎಂದರೆ ‘ಯಾತನೆಪಟ್ಟನು’. ಮೊದಲ ಅಕ್ಷರ ಬಿದ್ದುಹೋದರೆ ‘ಆಸ್ಸುಸ್ ಎಸ್ಟ್’, ಎಂದರೆ ‘ಸುಡಲ್ಪಟ್ಟನು’. ಲಿಪಿಕಾರನೊಬ್ಬನ ಕೈತಪ್ಪಿನಿಂದ ಇಡೀ ಬೆಂಕಿಯ ಕಥೆ ಹುಟ್ಟಿರಬಹುದೆಂದು ಕೆಲವರು ಊಹಿಸಿದ್ದಾರೆ. ನಮ್ಮ ಹಳಗನ್ನಡ ಪಾಠದಲ್ಲಿ ತಾಳೆಗರಿಯ ಪಾಠಾಂತರಗಳನ್ನು ಕುರಿತು ಕೇಳಿದವರಿಗೆ ಇದು ಅಸಂಭವವೆಂದು ತೋರದು. ಒಂದು ಮಾತನ್ನು ಮಾತ್ರ ಚರಿತ್ರೆಯೇ ಹೇಳುತ್ತದೆ: ಆಜ್ಞೆ ಹೊರಡಿಸಿದ ವಲೇರಿಯನ್ ಚಕ್ರವರ್ತಿ ಎರಡೇ ವರ್ಷಗಳಲ್ಲಿ, ೨೬೦ರಲ್ಲಿ, ಪಾರಸಿಕ ದೊರೆ ಶಾಪುರನಿಗೆ ಸೆರೆಸಿಕ್ಕಿದನು. ಚಕ್ರವರ್ತಿಯ ಹೆಸರನ್ನು ಮಕ್ಕಳಿಗೆ ಇಡುವವರು ವಿರಳ. ಆತನ ಸೇವಕರು ಕೊಂದವನ ಹೆಸರು ಮನೆಮನೆಯಲ್ಲಿದೆ.

ರೋಮಿನ ಹೊರವಲಯದಲ್ಲಿ ಲಾರೆನ್ಸನ ಸಮಾಧಿಯ ಮೇಲೆ ಎದ್ದ ದೇವಾಲಯ ಇಂದಿಗೂ ಇದೆ. ೧೯೪೩ರ ಜುಲೈ ೧೯ರಂದು ಮಿತ್ರರಾಷ್ಟ್ರಗಳ ವಿಮಾನಗಳು ರೋಮಿನ ಮೇಲೆ ಬಾಂಬು ಹಾಕಿದಾಗ ಅದು ಬಹಳ ಜಖಂಗೊಂಡಿತು. ಯುದ್ಧಾನಂತರ ಅದನ್ನು ಮತ್ತೆ ಕಟ್ಟಿ ನಿಲ್ಲಿಸಿದರು.

ಇನ್ನು ಈ ಹೆಸರು ಹರಡಿದ ಬಗೆ. ಅದಕ್ಕೆ ಮುಖ್ಯ ಕಾರಣ ಪಂಚಾಂಗ. ಕ್ರೈಸ್ತರ ಪಂಚಾಂಗದಲ್ಲಿ ಪ್ರತಿದಿನವೂ ಒಬ್ಬ ಸಂತನ ಹೆಸರಿರುತ್ತದೆ. ಮಗು ಹುಟ್ಟಿದ ದಿನ ಯಾವ ಸಂತನದೋ ಆ ಹೆಸರನ್ನೇ ಇಡುವುದು ಹಲವು ದೇಶಗಳ ಹಳೆಯ ವಾಡಿಕೆ. ಇದು ನಮಗೆ ಅಪರಿಚಿತವೇನಲ್ಲ. ತುಳುನಾಡಿನಲ್ಲಿ ಭಾನುವಾರ ಹುಟ್ಟಿದವನು ಐತ, ಮಂಗಳವಾರದವನು ಅಂಗಾರ, ಬುಧವಾರದವನು ಬೂದ, ಶುಕ್ರವಾರದವನು ತುಕ್ರ, ಶನಿವಾರದವನು ತನಿಯ. ಉಳ್ಳವರು ದೇವರ ಹೆಸರುಗಳನ್ನು ಇಟ್ಟುಕೊಂಡಾಗ ಇಲ್ಲದವರ ಮಕ್ಕಳಿಗೆ ವಾರದ ಹೆಸರೇ ಗತಿಯಾಗಿತ್ತು ಎಂಬುದನ್ನೂ ಇಲ್ಲಿ ಮರೆಯಬಾರದು.

ನಾವಿಕರು ಈ ಪದ್ಧತಿಯನ್ನು ಮಕ್ಕಳಿಂದ ನೆಲಕ್ಕೂ ನೀರಿಗೂ ವಿಸ್ತರಿಸಿದರು. ೧೫೦೦ರ ಆಗಸ್ಟ್ ೧೦ರಂದು ಪೋರ್ತುಗೀಸ್ ನಾವಿಕ ದಿಯೊಗೊ ದಿಯಸ್ ಭಾರತಕ್ಕೆ ಬರುವ ದಾರಿಯಲ್ಲಿ ಗಾಳಿಗೆ ಸಿಕ್ಕಿ ಒಂದು ದೊಡ್ಡ ದ್ವೀಪವನ್ನು ಕಂಡನು. ದಿನ ಲಾರೆನ್ಸನದು, ಆದುದರಿಂದ ದ್ವೀಪವೂ ‘ಸಂತ ಲಾರೆನ್ಸನ ದ್ವೀಪ’ವಾಯಿತು. ಆದರೆ ಅದು ನಿಲ್ಲಲಿಲ್ಲ. ಇಂದು ನಾವು ಆ ದ್ವೀಪವನ್ನು ಮಡಗಾಸ್ಕರ್ ಎಂದು ಬಲ್ಲೆವು. ೧೫೩೫ರ ಆಗಸ್ಟ್ ೧೦ರಂದು ಫ್ರೆಂಚ್ ನಾವಿಕ ಝಾಕ್ ಕಾರ್ತಿಯೇ ಉತ್ತರ ಅಮೆರಿಕದ ತೀರದಲ್ಲಿ ಒಂದು ಚಿಕ್ಕ ಕೊಲ್ಲಿಯನ್ನು ಹೊಕ್ಕು ಅದಕ್ಕೆ ಇದೇ ಸಂತನ ಹೆಸರನ್ನಿಟ್ಟನು. ಮುಂದೆ ನಕ್ಷೆ ಬರೆಯುವವರ ಕೈಯಲ್ಲಿ ಆ ಹೆಸರು ಚಿಕ್ಕ ಕೊಲ್ಲಿಯಿಂದ ದೊಡ್ಡ ಕೊಲ್ಲಿಗೂ ಅಲ್ಲಿಂದ ಮಹಾನದಿಗೂ ಹಬ್ಬಿತು. ಕ್ವಿಬೆಕ್, ಮಾಂಟ್ರಿಯಲ್ ನಗರಗಳ ಬಳಿ ಹರಿಯುವ ಸೇಂಟ್ ಲಾರೆನ್ಸ್ ನದಿ ಅದೇ. ನಮ್ಮ ಕಾವೇರಿಯ ಉದ್ದ ಸುಮಾರು ೮೦೦ ಕಿಲೋಮೀಟರು. ಅದರದು ಸುಮಾರು ೧,೨೦೦. ಅದರ ದಡದಲ್ಲಿ ಅನಾದಿಯಿಂದ ಇದ್ದ ಮೂಲನಿವಾಸಿಗಳಿಗೆ ಅದಕ್ಕೆ ತಮ್ಮದೇ ಹೆಸರುಗಳಿದ್ದುವು. ಹಡಗಿನವರು ಅವರನ್ನು ಕೇಳುವ ಗೋಜಿಗೆ ಹೋಗಲಿಲ್ಲ, ತಮ್ಮ ಪಂಚಾಂಗವನ್ನು ತೆರೆದು ನೋಡಿದರು.

ಅರಸರೂ ಹಾಗೆಯೇ. ೧೫೫೭ರ ಆಗಸ್ಟ್ ೧೦ರಂದು ಸ್ಪೇನಿನ ಎರಡನೆಯ ಫಿಲಿಪ್ ದೊರೆಯ ಸೈನ್ಯ ಸೇಂಟ್ ಕ್ವೆಂಟಿನ್ ಕಾಳಗದಲ್ಲಿ ಫ್ರೆಂಚರನ್ನು ಸೋಲಿಸಿತು. ಗೆಲುವಿನ ದಿನದ ಸಂತನಿಗೆ ಕೃತಜ್ಞತೆಯಾಗಿ ದೊರೆಯು ಮ್ಯಾಡ್ರಿಡ್ ನಗರದ ಹತ್ತಿರ ಎಸ್ಕೋರಿಯಲ್ ಎಂಬಲ್ಲಿ ಒಂದು ಮಹಾಸೌಧವನ್ನು ಕಟ್ಟಿಸಿದನು. ೧೫೬೩ರಲ್ಲಿ ಆರಂಭವಾದ ಕೆಲಸ ಮುಗಿದುದು ೧೫೮೪ರಲ್ಲಿ. ಮಠ, ಅರಮನೆ, ದೇವಾಲಯ, ಗ್ರಂಥಾಲಯ, ರಾಜರ ಸಮಾಧಿ, ಎಲ್ಲವೂ ಒಂದೇ ಸೂರಿನಡಿ. ಮೇಲಿನಿಂದ ನೋಡಿದರೆ ಅಂಗಳಗಳ ಸಾಲು ಕಬ್ಬಿಣದ ಸರಳುಗಳ ಚೌಕಟ್ಟಿನಂತೆ ಕಾಣುತ್ತದೆ. ಲಾರೆನ್ಸನ ನೆನಪಿಗಾಗಿ ಹಾಗೆ ಕಟ್ಟಿದರೆಂಬುದು ಜನಜನಿತ. ಬಡವರನ್ನು ತೋರಿಸಿ ಇವರೇ ಭಂಡಾರ ಎಂದವನಿಗೆ ಒಂದು ಅರಮನೆಯ ಕಾಣಿಕೆ!

ನಮ್ಮ ಗಾದೆಯೊಂದಿದೆ: ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ. ಲಾರೆನ್ಸನ ವಿಷಯದಲ್ಲಿ ಇದು ತಿರುಗುಮುರುಗಾಯಿತು. ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಈ ಹೆಸರಿನ ಅತ್ಯಂತ ಪ್ರಸಿದ್ಧ ಪುರುಷನೆಂದರೆ ಲೊರೆಂಜೊ ದೆ ಮೆದಿಚಿ (೧೪೪೯–೧೪೯೨). ಲೇವಾದೇವಿಯಿಂದ ಬೆಳೆದ ಮನೆತನ. ‘ವೈಭವಶಾಲಿ’ ಎಂಬುದೇ ಆತನ ಬಿರುದು. ಕವಿಗಳಿಗೂ ಶಿಲ್ಪಿಗಳಿಗೂ ಆತನು ಆಶ್ರಯ ಕೊಟ್ಟುದು ನಿಜ. ಆತನನ್ನು ಹೂಳಿದ್ದೂ ಅದೇ ಊರಿನ ಸಂತ ಲಾರೆನ್ಸನ ದೇವಾಲಯದಲ್ಲಿಯೇ.

ಹೆಸರು ದೇಶದಿಂದ ದೇಶಕ್ಕೆ ಹೋದಂತೆ ರೂಪ ಬದಲಾಯಿಸಿತು. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಓದಿದವರಿಗೆ ತತ್ಸಮ, ತದ್ಭವಗಳ ಪರಿಚಯವಿದೆ. ಲಕ್ಷ್ಮಿಯು ಲಕುಮಿಯಾಗುತ್ತಾಳೆ, ಲಕ್ಕಮ್ಮನಾಗುತ್ತಾಳೆ, ಕೃಷ್ಣನು ಕಿಟ್ಟಪ್ಪನಾಗುತ್ತಾನೆ. ಯುರೋಪಿನಲ್ಲಿ ಲೌರೆಂಟಿಯುಸ್‌ಗೆ ಆದುದೂ ಇದೇ. ಇಟಲಿ, ಸ್ಪೇನ್‌ಗಳಲ್ಲಿ ಅದು ಲೊರೆಂಜೊ, ಲೊರೆನ್ಸೊ, ಫ್ರಾನ್ಸಿನಲ್ಲಿ ಲೋರಾಂ, ಜರ್ಮನಿಯಲ್ಲಿ ಲೊರೆಂಟ್ಸ್, ರಷ್ಯದಲ್ಲಿ ಲವ್ರೆಂತಿ, ಪೋರ್ತುಗಲ್ಲಿನಲ್ಲಿ ಲೊರೆನ್ಸು. ಉತ್ತರದ ಸ್ವೀಡನ್, ನಾರ್ವೆ, ಡೆನ್ಮಾರ್ಕ್‌ಗಳಲ್ಲಿ ಅದು ಸವೆದು ಸವೆದು ‘ಲಾರ್ಸ್’ ಆಗಿ ನಿಂತಿತು. ಲಾರ್ಸನ್ ಎಂಬ ಮನೆತನದ ಹೆಸರಿಗೆ ‘ಲಾರ್ಸನ ಮಗ’ ಎಂದೇ ಅರ್ಥ. ಪೋಲೆಂಡಿನವರೂ ಚೆಕ್ಕರೂ ಮಾಡಿದ ಕೆಲಸ ಇನ್ನೂ ಸ್ವಾರಸ್ಯಕರ. ಅವರು ಧ್ವನಿಯನ್ನು ಬಿಟ್ಟು ಅರ್ಥವನ್ನು ಹಿಡಿದರು. ಚೆಕ್ ಭಾಷೆಯಲ್ಲಿ ಲಾರೆಲ್ ಮರಕ್ಕೆ ‘ವವ್ರ್ಝೀನ್’ ಎಂದು ಹೆಸರು, ಲಾರೆನ್ಸನಿಗೆ ‘ವವ್ರ್ಝಿನೆತ್ಸ್’. ಕಿವಿಗೆ ಎರಡಕ್ಕೂ ಸಂಬಂಧವಿಲ್ಲ. ಮರ ಮಾತ್ರ ಒಂದೇ.

ಇದನ್ನು ಓದುವಾಗ ನನಗೆ ಅಜ್ಜನ ನೆನಪಾಗಿ ನಗು ಬಂತು. ಅಜ್ಜ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತು ದುಡಿದವರು. ವಯಸ್ಸಾದ ಮೇಲೆ ವೃದ್ಧಾಪ್ಯ ವೇತನಕ್ಕೆ ಅರ್ಜಿ ಹಾಕಿದರು. ಪಡಿತರ ಚೀಟಿಯಲ್ಲಿ ‘ಲಾರೆನ್ಸ್’, ಮತದಾರರ ಪಟ್ಟಿಯಲ್ಲಿ ‘ಲೊರೆನ್ಸ್’, ಬ್ಯಾಂಕಿನ ಪುಸ್ತಕದಲ್ಲಿ ‘ಲಾರನ್ಸ್’. ಇವುಗಳಲ್ಲಿ ನಿಮ್ಮದು ಯಾವುದು ಎಂದು ಕಚೇರಿಯ ಗುಮಾಸ್ತರು ಕೇಳಿದರು. ಅಜ್ಜ, “ಮೂರೂ ನನ್ನದೇ ಸ್ವಾಮೀ, ಹೇಗೆ ಕರೆದರೂ ಓಗೊಡುವವನು ಒಬ್ಬನೇ” ಎಂದರು. ಆ ಉತ್ತರ ಕಚೇರಿಗೆ ಒಪ್ಪಿಗೆಯಾಗದೆ, ಪ್ರಮಾಣಪತ್ರ ಮಾಡಿಸಿ ಹಣ ಕೈಗೆ ಬರುವಷ್ಟರಲ್ಲಿ ಐದು ತಿಂಗಳಾಯಿತು. ಯುರೋಪಿನ ಲಾರ್ಸ್, ಲೋರಾಂ, ಲೊರೆಂಜೊಗಳೆಲ್ಲ ಒಂದೇ ಹೆಸರೆಂದು ಭಾಷಾಶಾಸ್ತ್ರ ಒಪ್ಪುತ್ತದೆ. ನನ್ನ ಅಜ್ಜನ ಮೂರು ಕಾಗದಗಳು ಒಬ್ಬನವೇ ಎಂದು ಒಪ್ಪಿಸುವುದು ಹೆಚ್ಚು ಕಷ್ಟವಾಯಿತು.

ನಮ್ಮ ದೇಶಕ್ಕೆ ಈ ಹೆಸರು ಬಂದುದು ಎರಡು ದಾರಿಗಳಿಂದ. ಮೊದಲನೆಯದು ಪೋರ್ತುಗೀಸರದು. ಅವರ ಮೊದಲನೆಯ ವೈಸರಾಯ್ ಫ್ರಾನ್ಸಿಸ್ಕೊ ದ ಅಲ್ಮೇಡನ ಮಗನ ಹೆಸರೇ ಲೊರೆನ್ಸು. ಆತನು ೧೫೦೮ರಲ್ಲಿ ಚೌಲ್ ಬಂದರಿನ ಸಮುದ್ರಯುದ್ಧದಲ್ಲಿ ಸತ್ತನು. ೧೫೪೪ರಲ್ಲಿ ಆಫ್ರಿಕದ ಪೂರ್ವತೀರದ ಒಂದು ಕೊಲ್ಲಿಯನ್ನು ಶೋಧಿಸಿದ ವರ್ತಕ ಲೊರೆನ್ಸು ಮಾರ್ಕೆಸ್. ಮೊಜಾಂಬಿಕ್ ದೇಶದ ರಾಜಧಾನಿಗೆ ಆತನ ಹೆಸರೇ ನಿಂತಿತು. ಆ ದೇಶ ಸ್ವತಂತ್ರವಾದ ಮರುವರ್ಷ, ೧೯೭೬ರಲ್ಲಿ, ಅದನ್ನು ಮಪುಟೊ ಎಂದು ಬದಲಾಯಿಸಿದರು. ಗೋವೆಯ ಅಗಸೈಮಿನಲ್ಲಿ ಸಂತ ಲಾರೆನ್ಸನ ಇಗರ್ಜಿಯಿದೆ. ಹದಿನಾರನೆಯ ಶತಮಾನದಿಂದ ಹದಿನೆಂಟನೆಯ ಶತಮಾನದವರೆಗೆ ಗೋವೆಯಿಂದ ತೆಂಕಣಕ್ಕೆ ಬಂದು ಕನ್ನಡ ಕರಾವಳಿಯಲ್ಲಿ ನೆಲೆಸಿದ ಕೊಂಕಣಿ ಕ್ರೈಸ್ತರು ತಮ್ಮ ಭಾಷೆಯೊಂದಿಗೆ ಇಂಥ ಹೆಸರುಗಳನ್ನೂ ತಂದರು.

ಎರಡನೆಯ ದಾರಿ ಇಂಗ್ಲಿಷರದು. ಅವರಲ್ಲಿ ಇದು ಮನೆತನದ ಹೆಸರಾಗಿಯೂ ಬಂತು. ೧೮೫೭ರ ಜುಲೈಯಲ್ಲಿ ಲಖನೌ ಮುತ್ತಿಗೆಯಲ್ಲಿ ಮಡಿದ ಸರ್ ಹೆನ್ರಿ ಲಾರೆನ್ಸನು ಬ್ರಿಟಿಷ್ ಸಿಪಾಯಿಗಳ ಮಕ್ಕಳಿಗಾಗಿ ೧೮೪೭ರಲ್ಲಿ ಸನಾವರದಲ್ಲಿ ಶಾಲೆ ತೆರೆದನು. ಆತನ ಹೆಸರಿನಲ್ಲಿಯೇ ೧೮೫೮ರಲ್ಲಿ ನೀಲಗಿರಿಯಲ್ಲಿ ಇನ್ನೊಂದು ಶಾಲೆ ತೆರೆಯಿತು. ಆತನ ತಮ್ಮ ಜಾನ್ ಲಾರೆನ್ಸನು ೧೮೬೪ರಿಂದ ೧೮೬೯ರವರೆಗೆ ಭಾರತದ ವೈಸರಾಯ್ ಆಗಿದ್ದನು. ನನ್ನ ಗೆಳೆಯನ ಮನಸ್ಸಿನಲ್ಲಿದ್ದುದು ಪ್ರಾಯಶಃ ಈ ಲಾರೆನ್ಸರೇ.

ವಿಜ್ಞಾನದ ವಿದ್ಯಾರ್ಥಿಗಳಿಗೂ ಈ ಹೆಸರು ಹೊಸದಲ್ಲ. ೧೯೦೨ರ ನೊಬೆಲ್ ಬಹುಮಾನ ಪಡೆದ ಡಚ್ ವಿಜ್ಞಾನಿ ಲೊರೆಂಟ್ಸ್. ಸ್ಫಟಿಕಗಳ ರಚನೆಯನ್ನು ಕಂಡುಹಿಡಿಯುವ ವಿಧಾನಕ್ಕಾಗಿ ೧೯೧೫ರಲ್ಲಿ ತಂದೆಯೊಡನೆ ನೊಬೆಲ್ ಪಡೆದಾಗ ಕೇವಲ ೨೫ ವರ್ಷದವನಾಗಿದ್ದ ಲಾರೆನ್ಸ್ ಬ್ರ್ಯಾಗ್. ಅತ್ಯಲ್ಪ ವ್ಯತ್ಯಾಸವೂ ಹವಾಮಾನವನ್ನು ಊಹಿಸಲಾಗದಂತೆ ಬದಲಿಸಬಲ್ಲುದೆಂದು ೧೯೬೩ರಲ್ಲಿ ತೋರಿಸಿದ ಎಡ್ವರ್ಡ್ ಲೊರೆಂಜ್. ಸೈಕ್ಲೊಟ್ರಾನ್ ಯಂತ್ರವನ್ನು ನಿರ್ಮಿಸಿ ೧೯೩೯ರಲ್ಲಿ ನೊಬೆಲ್ ಪಡೆದ ಅರ್ನೆಸ್ಟ್ ಲಾರೆನ್ಸನ ಗೌರವಾರ್ಥವಾಗಿ ೧೦೩ನೆಯ ಮೂಲವಸ್ತುವಿಗೆ ೧೯೬೧ರಲ್ಲಿ ‘ಲಾರೆನ್ಸಿಯಮ್’ ಎಂದು ಹೆಸರಿಟ್ಟರು. ಅದು ಪ್ರಕೃತಿಯಲ್ಲಿ ಸಿಕ್ಕುವುದಿಲ್ಲ. ಪ್ರಯೋಗಾಲಯದಲ್ಲಿ ಮಾಡಿದರೂ ಬಹುಕಾಲ ಉಳಿಯುವುದಿಲ್ಲ. ಅದೇ ವಿಜ್ಞಾನಿಯ ಹೆಸರು ಹೊತ್ತ ಲಿವರ್‌ಮೋರ್ ಪ್ರಯೋಗಾಲಯ ೧೯೫೨ರಲ್ಲಿ ಆರಂಭವಾದುದು ಪರಮಾಣು ಅಸ್ತ್ರಗಳ ಕೆಲಸಕ್ಕಾಗಿ. ಹೆಸರು ಯಾರ ಕೈಗೂ ಹೋಗುತ್ತದೆ; ಏಕೆ ಎಂದು ಕೇಳುವ ಶಕ್ತಿ ಅದಕ್ಕಿಲ್ಲ.

ಆಕಾಶದಲ್ಲಿಯೂ ಲಾರೆನ್ಸನ ಗುರುತಿದೆ. ಪ್ರತಿವರ್ಷ ಆಗಸ್ಟ್ ಎರಡನೆಯ ವಾರದಲ್ಲಿ ರಾತ್ರಿ ಉಲ್ಕೆಗಳು ಹೆಚ್ಚಾಗಿ ಬೀಳುತ್ತವೆ. ಯುರೋಪಿನ ಹಳ್ಳಿಗರು ಅವುಗಳನ್ನು ‘ಸಂತ ಲಾರೆನ್ಸನ ಕಣ್ಣೀರು’ ಎನ್ನುತ್ತಿದ್ದರು. ೧೮೬೨ರಲ್ಲಿ ಕಾಣಿಸಿಕೊಂಡ ಒಂದು ಧೂಮಕೇತುವಿನ ದಾರಿಯೂ ಈ ಉಲ್ಕೆಗಳ ದಾರಿಯೂ ಒಂದೇ ಎಂದು ಇಟಲಿಯ ಖಗೋಳಜ್ಞ ಸ್ಕಿಯಾಪರೆಲ್ಲಿ ಮುಂದೆ ತೋರಿಸಿಕೊಟ್ಟನು. ಧೂಮಕೇತು ಬಿಟ್ಟುಹೋದ ಧೂಳೇ ಆ ಕಣ್ಣೀರು. ನಮ್ಮ ಕರಾವಳಿಯಲ್ಲಿ ಆಗ ಮಳೆಗಾಲವಾದುದರಿಂದ ಮೋಡದ ಮರೆಯಲ್ಲಿ ಆ ನೋಟ ನಮಗೆ ಲಭಿಸುವುದು ಅಪರೂಪ.

ಕೊನೆಯದಾಗಿ ನನ್ನ ಅಜ್ಜನಿಗೆ ಹೆಸರು ಬಂದ ಸ್ಥಳವನ್ನು ಹೇಳಬೇಕು. ಕಾರ್ಕಳವೆಂದರೆ ೧೪೩೨ರ ಗೊಮ್ಮಟಮೂರ್ತಿಯೂ ಚತುರ್ಮುಖ ಬಸದಿಯೂ ಎಲ್ಲರಿಗೂ ನೆನಪಾಗುತ್ತವೆ. ಆ ಊರಿಗೆ ಹತ್ತಿರದ ಅತ್ತೂರಿನಲ್ಲಿ ಸಂತ ಲಾರೆನ್ಸರ ಪುಣ್ಯಕ್ಷೇತ್ರವಿದೆ. ಮೊದಲ ಇಗರ್ಜಿಯನ್ನು ೧೭೫೯ರಲ್ಲಿ ಕಟ್ಟಿದರೆಂದು ಕ್ಷೇತ್ರದ ಇತಿಹಾಸ ಹೇಳುತ್ತದೆ. ೧೭೮೪ರಲ್ಲಿ ಟಿಪ್ಪು ಸುಲ್ತಾನನ ಆಜ್ಞೆಯಂತೆ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು. ಆ ಇಗರ್ಜಿಯೂ ನೆಲಸಮವಾಯಿತು. ೧೭೯೯ರ ಬಳಿಕ ಬದುಕುಳಿದವರು ಮರಳಿ ಬಂದರು. ಹೊಸ ಇಗರ್ಜಿಗೆ ನೆಲ ಹುಡುಕುತ್ತ ಸಂತರ ಮರದ ಚಿಕ್ಕ ಮೂರ್ತಿಯನ್ನು ಹೊತ್ತು ಹೋಗುವಾಗ ಒಂದು ಬುಗ್ಗೆಯ ಬಳಿ ಅದನ್ನು ಕೆಳಗಿಟ್ಟರಂತೆ. ಮತ್ತೆ ಎತ್ತಲು ಹೋದರೆ ಅದು ಅಲುಗಲೇ ಇಲ್ಲವಂತೆ. ಇಲ್ಲಿಯೇ ಇಗರ್ಜಿ ಕಟ್ಟುತ್ತೇವೆಂದು ಹರಕೆ ಹೊತ್ತ ಮೇಲೆ ಅದು ಕೈಗೆ ಬಂತೆಂದು ಐತಿಹ್ಯ. ನಮ್ಮ ನಾಡಿನ ಎಷ್ಟು ದೇವಸ್ಥಾನಗಳಿಗೆ ಇಂಥದೇ ಕಥೆಯಿಲ್ಲ! ರೋಮಿನ ಸಂತನು ಕಾರ್ಕಳಕ್ಕೆ ಬಂದು ಇಲ್ಲಿನ ದೇವರುಗಳ ರೀತಿಯಲ್ಲಿಯೇ ತನ್ನ ಸ್ಥಾನವನ್ನು ಆರಿಸಿಕೊಂಡನು. ೨೦೧೬ರಲ್ಲಿ ಈ ಇಗರ್ಜಿಗೆ ‘ಬಸಿಲಿಕ’ ಎಂಬ ಪದವಿ ದೊರೆಯಿತು.

ಜನವರಿಯ ಕೊನೆಯಲ್ಲಿ ಅಲ್ಲಿ ಜಾತ್ರೆ. ಹಲವು ದಿನಗಳ ಕಾಲ ಹಿಂದುಗಳು, ಜೈನರು, ಮುಸಲ್ಮಾನರು, ಕ್ರೈಸ್ತರು ಎಂಬ ಭೇದವಿಲ್ಲದೆ ಜನ ಬರುತ್ತಾರೆ; ಮೇಣದ ಬತ್ತಿ ಹಚ್ಚುತ್ತಾರೆ; ಪುಷ್ಕರಿಣಿಯ ನೀರನ್ನು ತೆಗೆದುಕೊಂಡು ಹೋಗುತ್ತಾರೆ. ಚಿಕ್ಕವನಾಗಿದ್ದಾಗ ಅಜ್ಜ ನನ್ನನ್ನು ಕೈಹಿಡಿದು ಕರೆದೊಯ್ಯುತ್ತಿದ್ದರು. ಮನೆಯಿಂದ ಹೊರಡುವಾಗಲೇ ಒಂದು ಬಟ್ಟೆಯ ಚೀಲದಲ್ಲಿ ಚಿಲ್ಲರೆ ಹಣ ತುಂಬಿಕೊಳ್ಳುವರು. ನನಗೋ ಮಿಠಾಯಿ ಅಂಗಡಿಯ ಆತುರ. ಅಜ್ಜ ಅಂಗಡಿಗೂ ಹೋಗರು, ಇಗರ್ಜಿಗೂ ಹೋಗರು; ದಾರಿಯ ಬದಿಯಲ್ಲಿ ಸಾಲಾಗಿ ಕುಳಿತ ಕುಂಟರು, ಕುರುಡರು, ಮುದುಕರು, ಒಬ್ಬರನ್ನೂ ಬಿಡದೆ ಒಂದೊಂದು ನಾಣ್ಯ ಹಾಕುತ್ತ ನಡೆಯುವರು. “ಅಜ್ಜಾ, ಮೊದಲು ಒಳಗೆ ಹೋಗೋಣ” ಎಂದರೆ, “ತಾಳು ಮಗಾ, ಮೊದಲು ಇವರ ಲೆಕ್ಕ, ಆಮೇಲೆ ಸಂತರದ್ದು” ಎನ್ನುವರು. ಚೀಲ ಬರಿದಾದರೆ ಮಿಠಾಯಿ ಇಲ್ಲ. ನಾನು ಅತ್ತುದೂ ಉಂಟು.

ಆಂಬ್ರೋಸರ ಹೆಸರನ್ನು ಅಜ್ಜ ಕೇಳಿದವರಲ್ಲ. ವಲೇರಿಯನ್ ಯಾರೆಂದು ಅವರಿಗೆ ತಿಳಿಯದು. ಎಸ್ಕೋರಿಯಲ್ಲಿನ ಅರಮನೆಯನ್ನಾಗಲಿ ಕೆನಡದ ನದಿಯನ್ನಾಗಲಿ ಅವರು ಕಂಡವರಲ್ಲ. ಆದರೆ ಪುಸ್ತಕದಲ್ಲಿ ಭಂಡಾರದ ಪ್ರಸಂಗವನ್ನು ಮೊದಲ ಬಾರಿ ಓದಿದಾಗ ನನ್ನ ಕಣ್ಣ ಮುಂದೆ ಬಂದುದು ರೋಮ್ ಅಲ್ಲ, ಅತ್ತೂರಿನ ಆ ರಸ್ತೆ. ಅರಸರು ಹೆಸರಿನಿಂದ ಅರಮನೆ ಕಟ್ಟಿದರು, ನಾವಿಕರು ನಕ್ಷೆ ತುಂಬಿದರು, ವೈಸರಾಯರು ಆಳಿದರು. ಹೆಸರಿನೊಳಗಿನ ಅರ್ಥವನ್ನು ಹೊತ್ತು ತಂದವರು ಮಾತ್ರ ಮೂರು ಕಾಗದಗಳಲ್ಲಿ ಮೂರು ರೀತಿಯಾಗಿ ಬರೆಯಿಸಿಕೊಂಡ ಹಂಚಿನ ಕಾರ್ಖಾನೆಯ ಕೂಲಿಯವರು.

ನಮ್ಮ ಪದ್ಧತಿಯಂತೆ ಹಿರಿಯ ಮೊಮ್ಮಗನಿಗೆ ತಂದೆಯ ತಂದೆಯ ಹೆಸರು. ಆದುದರಿಂದ ನನಗೆ ಲಾರೆನ್ಸ್ ಎಂಬ ಹೆಸರು ಬಂದುದು ಇಂಗ್ಲೆಂಡಿನಿಂದಲ್ಲ. ಲ್ಯಾಟಿನ್ ನುಡಿಯಲ್ಲಿ ಹುಟ್ಟಿ, ಪೋರ್ತುಗೀಸರ ಹಡಗಿನಲ್ಲಿ ಗೋವೆಗೆ ಬಂದು, ಕೊಂಕಣಿಗರ ಗಂಟುಮೂಟೆಯಲ್ಲಿ ಕಾರ್ಕಳಕ್ಕೆ ಇಳಿದು, ಅಜ್ಜನ ಬಟ್ಟೆಯ ಚೀಲದಿಂದ ನನ್ನ ಕೈಗೆ ಬಂತು. ಗೆಳೆಯನ ಪ್ರಶ್ನೆಗೆ ಇದೇ ನನ್ನ ಉತ್ತರ. ಸ್ವಲ್ಪ ತಡವಾಯಿತು, ಆತನು ಕ್ಷಮಿಸಬೇಕು. ಮುಂದಿನ ಜನವರಿಯಲ್ಲಿ ಆತನನ್ನು ಅತ್ತೂರಿನ ಜಾತ್ರೆಗೆ ಕರೆದುಕೊಂಡು ಹೋಗಬೇಕೆಂದಿದ್ದೇನೆ. ಅಜ್ಜ ಈಗಿಲ್ಲ. ಚಿಲ್ಲರೆಯ ಚೀಲ ನಮ್ಮ ಮನೆಯ ಗೂಟದಲ್ಲಿ ಇನ್ನೂ ತೂಗುತ್ತಿದೆ.